ಕಾಲಿಗೆ ನೀರು

ಗೋಪಿನಾಥಂನಲ್ಲಿ ಮೀನು ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ. ಮುಳುಗಿದವರನ್ನು ಹುಡುಕಿ ತರುವವನು ಮಾತ್ರ ರಂಗನಾಯಕ ಒಬ್ಬನೇ. ಕಾವೇರಿಯ ಹಿನ್ನೀರಿನಲ್ಲಿ ಯಾರಾದರೂ ಮುಳುಗಿದರೆ, ಇತ್ತ ಹನೂರಿನ ಕಡೆಯವರಾಗಲಿ, ಅತ್ತ ತಮಿಳು ಹಳ್ಳಿಗಳವರಾಗಲಿ, ಮೊದಲು ದೇವರಿಗೆ ಹರಕೆ ಹೊರುತ್ತಾರೆ, ಆಮೇಲೆ ಇವನ ಮನೆ ಬಾಗಿಲಿಗೆ ಬರುತ್ತಾರೆ. ದೇವರು ಏನು ಮಾಡುತ್ತಾನೋ ಗೊತ್ತಿಲ್ಲ, ಇವನಂತೂ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೋಗುತ್ತಾನೆ. ಮೂವತ್ತು ವರ್ಷದಲ್ಲಿ ಎಷ್ಟು ಜನರನ್ನು ದಡಕ್ಕೆ ತಂದಿದ್ದಾನೆಂದು ಅವನಿಗೇ ನೆನಪಿಲ್ಲ. ಕೆಲಸ ಮುಗಿದ ಮೇಲೆ ಒಂದು ತೆಂಗಿನಕಾಯಿ, ಒಂದು ಹೊಸ ಟವೆಲು ಕೊಟ್ಟರೆ ತೆಗೆದುಕೊಳ್ಳುತ್ತಾನೆ. ಅದಕ್ಕಿಂತ ಹೆಚ್ಚು ಕೊಡಲು ಹೋದವರು ಬೈಸಿಕೊಂಡು ಬಂದಿದ್ದಾರೆ.

ಈ ಕೆಲಸಕ್ಕೆ ಅವನ ಅಪ್ಪನ ಕಾಲದಿಂದ ಬಂದ ಒಂದು ಪದ್ಧತಿ ಇದೆ. ನೀರೊಳಗೆ ಹೆಣ ಕಂಡ ತಕ್ಷಣ, ಕೈ ಹಾಕುವ ಮೊದಲು, "ಬಾ, ಮನೆಗೆ ಓಗವಾ" ಎಂದು ಕರೆಯಬೇಕು. ಸಂತೆಯಲ್ಲಿ ಸಿಕ್ಕ ನೆಂಟರನ್ನು ಕರೆಯುವ ಹಾಗೆ ಮೆತ್ತಗೆ ಕರೆಯಬೇಕು. ನೀರೊಳಗೆ ಬಾಯಿ ತೆರೆಯುವುದು ಹೇಗೆ ಎಂದು ಕೇಳಬೇಡಿ, ಬರೀ ಗುಳ್ಳೆಯೇ ಹೊರಟರೂ ಅವನು ಹೇಳಿಯೇ ತೀರುತ್ತಾನೆ. ಕರೆಯದೆ ಎಳೆದರೆ ಹೆಣ ಬಂಡೆಯಷ್ಟು ಭಾರ, ಕರೆದರೆ ಕೂಸಿನಷ್ಟು ಹಗುರ ಎನ್ನುತ್ತಾನೆ. ಆದರೆ ಕರೆದ ಮೇಲೆ ಬಿಟ್ಟು ಬರುವಂತಿಲ್ಲ. ಕರೆದವರನ್ನು ಮನೆ ಮುಟ್ಟಿಸುವ ತನಕ ಇನ್ನೊಬ್ಬರನ್ನು ಕರೆಯುವಂತೆಯೂ ಇಲ್ಲ.

"ಕರ್ದು ಬುಟ್ಬುಟ್ಟು ಬಂದ್ರೆ ಅವ್ರು ಸುಮ್ಕಿರಾಕಿಲ್ಲ ಕಣ್ಲಾ" ಎಂದು ಅಪ್ಪ ಸಾಯುವ ಮುಂಚೆಯೂ ಹೇಳಿದ್ದ. "ಎದ್ದು ಬತ್ತಾರೆ. ದಾರಿ ಗೊತ್ತಿರಾಕಿಲ್ವಲ್ಲ, ನಿನ್ ಬೆನ್ನಿಂದೇನೇ ಬತ್ತಾರೆ."

ಇಂಥ ಮನುಷ್ಯ ಸಮುದ್ರಕ್ಕೆ ಹೋಗಿದ್ದೇ ಒಂದು ತಮಾಷೆ. ಕೆಲವು ವರ್ಷಗಳ ಕೆಳಗೆ ಹಿನ್ನೀರಿನ ಹೂಳು ಅಳೆಯಲು ಒಂದು ತಂಡ ಬಂದಿತ್ತು. ಅದರ ಮುಖ್ಯಸ್ಥೆ ಯಶೋದ, ಯಳಂದೂರಿನ ಹುಡುಗಿ, ನೀರಿನ ತಳವನ್ನು ಅಳೆಯುವ ಎಂಜಿನಿಯರ್. ನೀರಿನೊಳಕ್ಕೆ ಶಬ್ದ ಕಳಿಸಿ, ಅದು ನೆಲಕ್ಕೆ ಬಡಿದು ವಾಪಸು ಬರುವುದನ್ನು ಕೇಳಿಸಿಕೊಂಡು ಚಿತ್ರ ಬರೆಯುವ ಯಂತ್ರ ಅವಳದು. ದೋಣಿಯಲ್ಲಿ ದಾರಿ ತೋರಿಸಲು ಕೂತಿದ್ದ ರಂಗನಾಯಕ, ಯಂತ್ರ ಚಿತ್ರ ಬರೆಯುವ ಮೊದಲೇ, "ಇಲ್ಲೊಂದು ಬಾವಿ ಅದೆ ನೋಡಿ ಮೇಡಮ್ಮೋರೆ, ಇಲ್ಲಿಂದ ಹತ್ತು ಮಾರಿಗೆ ಗುಡಿ ಕಟ್ಟೆ" ಎನ್ನುತ್ತಿದ್ದ. ಅಣೆಕಟ್ಟೆಯ ನೀರು ನಿಂತಾಗ ಮುಳುಗಿದ ಹಳೇ ಊರಿನ ಬಾವಿ, ಗುಡಿ ಎಲ್ಲವೂ ಅವನು ಹೇಳಿದಲ್ಲೇ ಪರದೆಯ ಮೇಲೆ ಮೂಡಿದವು. ಯಶೋದ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಹೋಗುವಾಗ ಅವನ ಫೋನ್ ನಂಬರ್ ಬರೆದುಕೊಂಡಳು.

ಕಳೆದ ವರ್ಷ ಜನವರಿಯಲ್ಲಿ ಅವಳ ಫೋನ್ ಬಂತು. ಯುದ್ಧದ ಕಾಲದಲ್ಲಿ ಮುಳುಗಿದ ಹಡಗುಗಳನ್ನು ಹುಡುಕುವ ಒಂದು ಹೊರದೇಶದ ಸಂಸ್ಥೆಗೆ ಅವಳು ಈಗ ಕೆಲಸ ಮಾಡುತ್ತಿದ್ದಳು. ಬಂಗಾಳ ಕೊಲ್ಲಿಯಲ್ಲಿ ಎರಡು ತಿಂಗಳ ಹುಡುಕಾಟ. ಹಗ್ಗ, ಕೇಬಲ್ಲು ನೋಡಿಕೊಳ್ಳಲು ಒಬ್ಬ ನಂಬಿಕೆಯ ಆಳು ಬೇಕು, ಬರುತ್ತೀರಾ ರಂಗಣ್ಣ ಎಂದಳು.

"ಮನೆ ಮುಂದೆ ಅಷ್ಟೊಂದ್ ನೀರ್ ಬಿದ್ದದೆ, ಸಾಲ್ದಾ ನಿಮ್ಗೆ?" ಎಂದಳು ಹೆಂಡತಿ ಸೋಮಮ್ಮ. ಆದರೆ ಬುತ್ತಿಗೆ ಹುರಿಹಿಟ್ಟು ಮಾಡಿ ಕಟ್ಟಿದವಳೂ ಅವಳೇ. ಐವತ್ತೊಂದನೆಯ ವಯಸ್ಸಿನಲ್ಲಿ ರಂಗನಾಯಕ ಚೆನ್ನೈ ಬಂದರಿನಲ್ಲಿ ಹಡಗು ಹತ್ತಿದ.

ಸಮುದ್ರ ಅವನಿಗೆ ಹಿಡಿಸಲಿಲ್ಲ. ದಡ ಕಾಣದ ನೀರು ಅದೇನು ನೀರು ಎಂದು ಅವನ ತಕರಾರು. ಯಂತ್ರವನ್ನು ಮೂರು ಕಿಲೋಮೀಟರ್ ಕೇಬಲ್ಲಿಗೆ ಕಟ್ಟಿ ಸಮುದ್ರದ ತಳದ ಹತ್ತಿರ ಎಳೆದುಕೊಂಡು, ಉಳುವವರ ಹಾಗೆ ಸಾಲಿಗೆ ಸಾಲು ಹಡಗು ಹೋಗಿ ಬರುತ್ತಿತ್ತು. ಮೂರು ಕಿಲೋಮೀಟರ್ ಅಂದರೆ ಊರಿನಿಂದ ಪಕ್ಕದ ಹಳ್ಳಿಗೆ ನಡೆಯುವಷ್ಟು ದೂರ, ಆದರೆ ನೆಟ್ಟಗೆ ಕೆಳಕ್ಕೆ. ಕೇಬಲ್ ಸುತ್ತುವ ಯಂತ್ರದ ಕಂಬಕ್ಕೆ ಅಂಗೈ ಒತ್ತಿಟ್ಟುಕೊಂಡು ಅವನು ದಿನವಿಡೀ ನಿಲ್ಲುತ್ತಿದ್ದ. ಅಷ್ಟು ಆಳದಿಂದ ಒಂದು ಸಣ್ಣ ನಡುಕ ಕಂಬಕ್ಕೆ ಬರುತ್ತಿತ್ತು. ಯಾರೋ ಆ ತುದಿ ಹಿಡಿದುಕೊಂಡು ಕೂತ ಹಾಗಿದೆ ಎಂದು ಒಮ್ಮೆ ಹೇಳಿದ್ದಕ್ಕೆ ಜೊತೆಯವರು ನಕ್ಕರು. ಆಮೇಲೆ ಆ ವಿಷಯಕ್ಕೆ ಅವನು ತುಟಿ ಬಿಚ್ಚಲಿಲ್ಲ.

ಮೂವತ್ತಾರನೆಯ ದಿನ ಮುಳುಗಿದ ಹಡಗು ಸಿಕ್ಕಿತು. ಯುದ್ಧದಲ್ಲಿ ಬರ್ಮಾ ಬಿಟ್ಟು ಊರಿಗೆ ವಾಪಸು ಹೊರಟಿದ್ದ ಕೂಲಿಗಳನ್ನೂ ಸಿಪಾಯಿಗಳನ್ನೂ ತುಂಬಿಕೊಂಡು ಬರುತ್ತಿದ್ದ ಹಡಗಂತೆ. ಸಿಡಿಗುಂಡು ತಗುಲಿ ಅರ್ಧ ತಾಸಿನಲ್ಲಿ ಮುಳುಗಿತ್ತಂತೆ. ಅದರಲ್ಲಿದ್ದವರ ಪೂರಾ ಪಟ್ಟಿ ಯಾರ ಹತ್ತಿರವೂ ಇರಲಿಲ್ಲ. ಮಾರನೆಯ ಬೆಳಿಗ್ಗೆ ಕ್ಯಾಮೆರಾ ಕಟ್ಟಿದ ಇನ್ನೊಂದು ಯಂತ್ರವನ್ನು ಕೆಳಗಿಳಿಸಿದರು. ಯಶೋದ ರಂಗನಾಯಕನನ್ನು ಪರದೆಯ ಕೋಣೆಗೆ ಕರೆದಳು. "ಇಷ್ಟು ದಿನ ಕೇಬಲ್ ಹಿಡಿದಿದ್ದೀರಿ, ಬಂದು ನೋಡಿ ರಂಗಣ್ಣ" ಎಂದಳು.

ಅವಳು ಪ್ರೀತಿಯಿಂದಲೇ ಕರೆದದ್ದು. ಕರೆಯದಿದ್ದರೆ ಚೆನ್ನಾಗಿತ್ತು.

ಪರದೆಯ ಮೇಲೆ ಮೊದಲು ಬರೀ ಕತ್ತಲೆ, ಬೂದಿಯ ಹಾಗೆ ಉದುರುವ ಕಣಗಳು. ಆಮೇಲೆ ಕಬ್ಬಿಣದ ಗೋಡೆ, ಅದರಿಂದ ಜೋತುಬಿದ್ದ ತುಕ್ಕಿನ ಜಟೆ. ಯಂತ್ರ ಗೋಡೆಯನ್ನು ದಾಟಿ ಕೆಸರಿನ ಬಯಲಿಗೆ ಬಂತು. ಅಲ್ಲಿ ಒಂದು ಹಿತ್ತಾಳೆ ಚೊಂಬು ನೆಟ್ಟಗೆ ಕೂತಿತ್ತು, ಕಂಠದ ತನಕ ಕೆಸರು ತುಂಬಿಕೊಂಡು. ಅದರಿಂದ ಒಂದು ಮಾರು ಆಚೆ ಒಂದು ಜೊತೆ ಬೂಟು.

ಒಂದರ ಪಕ್ಕ ಒಂದು, ಮೂತಿ ಮೇಲೆ ಮಾಡಿಕೊಂಡು, ಲಾಡಿ ಕಟ್ಟಿದ ಹಾಗೇ ಇದ್ದವು.

"ಇವನೆಲ್ಲಿ?" ಎಂದು ಕೇಳಿದ ರಂಗನಾಯಕ.

"ಇಷ್ಟು ಆಳದಲ್ಲಿ ಮೈ ಉಳಿಯೋದಿಲ್ಲ ರಂಗಣ್ಣ, ಮೂಳೆನೂ ಕರಗಿಬಿಡುತ್ತೆ. ಹದ ಮಾಡಿದ ಚರ್ಮ ಮಾತ್ರ ಉಳಿಯುತ್ತೆ. ಮನುಷ್ಯ ಅಲ್ಲೇ ಮಲಗಿದ್ದ ಅನ್ನೋದಕ್ಕೆ ಆ ಬೂಟೇ ಗುರುತು."

ರಂಗನಾಯಕ ಮತ್ತೆ ನೋಡಿದ. ಈಗ ಅವನಿಗೆ ಬೂಟಿನ ಮೇಲೆ ಕಣಕಾಲು, ಮೊಳಕಾಲು, ಕೈ ನೀಡಿದರೆ ಸಿಗುವ ದೂರದಲ್ಲಿ ಚೊಂಬು, ಅಷ್ಟುದ್ದಕ್ಕೆ ಮಲಗಿದ ಒಬ್ಬ ಮನುಷ್ಯ ಕಂಡ. ಮೂವತ್ತು ವರ್ಷದ ಅಭ್ಯಾಸ ಕೇಳಬೇಕೆ? ಬಾಯಿ ತಾನಾಗಿಯೇ ತೆರೆಯಿತು.

"ಬಾ, ಮನೆಗೆ ಓಗವಾ."

ಯಶೋದ ತಿರುಗಿ ನೋಡಿದಳು. "ಯಾರನ್ನ ಕರೆದ್ರಿ?"

ಆಗ ಅವನಿಗೆ ತಾನು ಮಾಡಿದ್ದೇನೆಂದು ಅರಿವಾಯಿತು. "ಮೇಡಮ್ಮೋರೆ, ಆ ಬೂಟು ಎತ್ಕಳ್ಳಿ. ಒಂದಾದ್ರೂ ಎತ್ಕಳ್ಳಿ. ನಾ ಕರ್ದ್ಬುಟ್ಟೆ."

ಅವಳು ನಗಲಿಲ್ಲ, ಅದೊಂದು ಅವಳ ದೊಡ್ಡತನ. ಆದರೆ ಅಲ್ಲಿ ಮುಟ್ಟುವಂತಿಲ್ಲ, ಅದು ಸಮಾಧಿ ಇದ್ದ ಹಾಗೆ, ನೋಡಿ ಗುರುತು ಹಾಕಿಕೊಂಡು ಬರುವುದಷ್ಟೇ ನಮ್ಮ ಕೆಲಸ, ಅದೇ ಕರಾರು ಎಂದು ತಿಳಿಸಿ ಹೇಳಿದಳು. ಪರದೆಯ ಮೇಲೆ ಯಂತ್ರ ಹಿಂದಕ್ಕೆ ಸರಿಯಿತು. ಬೂಟುಗಳು ಚಿಕ್ಕದಾದವು. ಕೊನೆಗೆ ದೀಪದ ಬೆಳಕು ಅವುಗಳನ್ನು ಬಿಟ್ಟು ಹೊರಟಿತು. ಸಂಜೆಗೆ ಯಂತ್ರ ಮೇಲೆ ಬಂತು, ಮಾರನೆಯ ದಿನ ಹಡಗು ಅಲ್ಲಿಂದ ಹೊರಟಿತು. ಕೇಬಲ್ಲನ್ನೆಲ್ಲ ಸುತ್ತಿಟ್ಟು ಯಂತ್ರ ನಿಲ್ಲಿಸಿದ ಮೇಲೂ ಕಂಬದ ನಡುಕ ನಿಂತಿರಲಿಲ್ಲ ಎಂದು ರಂಗನಾಯಕ ಈಗಲೂ ಆಣೆ ಮಾಡಿ ಹೇಳುತ್ತಾನೆ.

ಊರಿಗೆ ಬಂದವನು ಹೆಂಡತಿಗೂ ಏನೂ ಹೇಳಲಿಲ್ಲ. ಎರಡು ದಿನ ಮಲಗಿ ಎದ್ದು, ಮೂರನೆಯ ದಿನ ಬೆಳಗಿನ ಬಿಸಿಲಿಗೆ ಬಲೆ ಹಾಕಿಕೊಂಡು ತೆಪ್ಪ ಇಳಿಸಿದ.

ಇಲ್ಲಿ ತೆಪ್ಪದ ವಿಷಯ ಒಂದು ಮಾತು ಹೇಳಬೇಕು. ಬಿದಿರಿನ ಗುಂಡನೆಯ ತೆಪ್ಪ, ದೊಡ್ಡ ಪುಟ್ಟಿಯ ಹಾಗೆ. ಒಬ್ಬನೇ ಕೂತು ಹುಟ್ಟು ಹಾಕಿದರೆ ಅವನು ಕೂತ ಕಡೆಗೆ ವಾಲುತ್ತದೆ, ಎದುರಿನ ಅಂಚು ನೀರು ಬಿಟ್ಟು ಮೇಲೇಳುತ್ತದೆ. ಎದುರಿಗೆ ಇನ್ನೊಬ್ಬರು ಕೂತರಷ್ಟೇ ಅದು ಸಮಕ್ಕೆ ನಿಲ್ಲುವುದು. ಇದು ಗೋಪಿನಾಥಂನ ಕೂಸುಗಳಿಗೂ ಗೊತ್ತು.

ಆ ದಿನ ರಂಗನಾಯಕ ಕೂತು ಹುಟ್ಟು ಹಾಕಿದಾಗ ತೆಪ್ಪ ವಾಲಲಿಲ್ಲ.

ಅವನು ಹುಟ್ಟು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಎದುರಿನ ಅಂಚು ನಾಲ್ಕು ಬೆರಳು ನೀರಿನ ಮೇಲಿತ್ತು, ಇವನ ಅಂಚೂ ನಾಲ್ಕೇ ಬೆರಳು. ಅಲ್ಲಿ ಬಿದಿರಿನ ಹೆಣಿಗೆ ಬಿಟ್ಟು ಬೇರೇನೂ ಇರಲಿಲ್ಲ. ಗಾಳಿ ಇರಲಿಲ್ಲ. ನೀರು ತಟ್ಟೆಯ ಹಾಗೆ ಹರಡಿಕೊಂಡಿತ್ತು. ಅವನು ಬೇಕೆಂದೇ ಒಂದು ಕಡೆ ಸರಿದ. ಒಂದು ಕ್ಷಣ ತೆಪ್ಪ ವಾಲಿತು. ಆಮೇಲೆ ಎದುರಿಗೆ ಕೂತವರೂ ಸರಿದುಕೊಂಡ ಹಾಗೆ ಮೆಲ್ಲಗೆ ಸಮವಾಯಿತು. ರಂಗನಾಯಕ ಬಲೆ ಬೀಸದೆ ದಡಕ್ಕೆ ಬಂದ.

ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಸೋಮಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. "ಯಾರ್ನ ಕೂರುಸ್ಕಂಡು ಬಂದ್ರಿ?" ಎಂದು ಕೇಳಿದಳು. ಅವನು ಒಬ್ಬನೇ ಇಳಿದದ್ದನ್ನು ಕಂಡು ಒಗೆದ ಬಟ್ಟೆಯನ್ನೇ ಮತ್ತೆ ಒಗೆಯತೊಡಗಿದಳು. ಬೆಸ್ತರ ಮನೆಯಲ್ಲಿ ಹುಟ್ಟಿ ಬೆಳೆದವಳು, ತೆಪ್ಪ ನೋಡಿದರೆ ಅವಳಿಗೆ ಲೆಕ್ಕ ತಿಳಿಯುತ್ತದೆ.

ಒಂದು ತಿಂಗಳು ಹೀಗೇ ನಡೆಯಿತು. ಯಾರೂ ಅವನಿಗೆ ತೊಂದರೆ ಕೊಡಲಿಲ್ಲ. ಹೆದರಿಸಲೂ ಇಲ್ಲ. ಎದುರಿಗೆ ಕೂತದ್ದು ಕೂತೇ ಇತ್ತು, ಅಷ್ಟೇ. ಬಸ್ಸಿನಲ್ಲಿ ಇಳಿಯುವ ಜಾಗ ಗೊತ್ತಿಲ್ಲದವರು ಕಂಡಕ್ಟರನ ಮುಖವನ್ನೇ ನೋಡುತ್ತಾ ಕೂತಿರುವುದಿಲ್ಲವೆ, ಹಾಗೆ ಅವನನ್ನು ನೋಡುತ್ತಾ ಕೂತಿದೆ ಎಂದು ಅವನಿಗೆ ಅನಿಸುತ್ತಿತ್ತು. ರಂಗನಾಯಕ ಸೊರಗಿ ಹೋದ. ಅವನಿಗೆ ಹೆದರಿಕೆಗಿಂತ ನಾಚಿಕೆ ಹೆಚ್ಚಾಗಿತ್ತು. ಕರೆದ ಮಾತು ಉಳಿಸಿಕೊಳ್ಳಲಾರದವನು ತಾನು ಎಂಬ ನಾಚಿಕೆ.

ಹೀಗಿರುವಾಗ ಮೇ ತಿಂಗಳಲ್ಲಿ ಕೌದಳ್ಳಿಯ ಮಾದೇಶ್ ಮುಳುಗಿದ. ನಲವತ್ತು ವರ್ಷದ ಟ್ರ್ಯಾಕ್ಟರ್ ಮೆಕ್ಯಾನಿಕ್, ನೆಂಟರ ಮನೆಗೆ ಬಂದವನು ಸ್ನಾನಕ್ಕೆ ಇಳಿದು ಕಾಲು ಜಾರಿದ್ದ. ರಂಗನಾಯಕನಿಗೆ ಮೈ ಸರಿಯಿಲ್ಲವೆಂದು ಕೇಳಿ ಎರಡು ದಿನ ದೋಣಿಗಳವರೇ ಹುಡುಕಿದರು, ಸಿಗಲಿಲ್ಲ. ಅವನ ಹೆಂಡತಿ ಶಿವರತ್ನಮ್ಮ ದಡದ ಹುಣಸೆ ಮರದ ಕೆಳಗೆ ಕೂತವಳು ಎದ್ದಿರಲಿಲ್ಲ. ಕೈ ತುಂಬ ಹಸಿರು ಬಳೆ, ಹಣೆಯಲ್ಲಿ ಕುಂಕುಮ. ಹೆಣ ಸಿಗುವ ತನಕ ತೆಗೆ ಅನ್ನುವವರೂ ಇಲ್ಲ, ಇಟ್ಟುಕೋ ಅನ್ನುವವರೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳ ಕಡೆಯವರು ರಂಗನಾಯಕನ ಬಾಗಿಲಿಗೆ ಬಂದರು.

"ನನ್ ಕೈಲಾಗಾಕಿಲ್ಲ" ಎಂದ ರಂಗನಾಯಕ.

ಬಂದವರು ನಂಬದೆ ನಿಂತರು. ಅವನ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ. ಅವರು ಕೈ ಮುಗಿದರು, ಅವನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. ಅವರು ಹೋದ ಮೇಲೆ ಸೋಮಮ್ಮ ಬಾಗಿಲು ಮುಂದಕ್ಕೆ ಮಾಡಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಆ ಎಣ್ಣು ಮೂರ್ದಿನದಿಂದ ನೀರು ನೋಡ್ಕಂಡು ಕೂತದೆ. ನೀವಿಲ್ಲಿ ಗೋಡೆ ನೋಡ್ಕಂಡು ಕೂತಿದ್ದೀರಿ. ಏನಾಗದೆ ಅಂತ ಏಳಿ. ತೆಪ್ಪದಲ್ಲಿ ಯಾರು?"

ಆಗ ಅವನು ಎಲ್ಲ ಹೇಳಿದ. ಕೇಬಲ್ಲು, ಪರದೆ, ಚೊಂಬು, ಬೂಟು. ಕರೆದದ್ದು. ಬಿಟ್ಟು ಬಂದದ್ದು. "ಅವ್ನ ಮನೆ ಎಲ್ಲದೆ ಅಂತ ನಂಗೇನ್ ಗೊತ್ತಮ್ಮಿ? ಎಸ್ರಿಲ್ಲ, ಊರಿಲ್ಲ. ಅವ್ನ ಮನೆ ಮುಟ್ಟುಸ್ದೆ ಮಾದೇಶನ್ನ ಎಂಗ್ ಕರೀಲಿ? ಕರೆದ್ರೆ ಅವ್ನೂ ಇಂಗೇ ಬಂದು ಕೂತ್ಕತಾನೆ" ಎಂದು ಅತ್ತುಬಿಟ್ಟ.

ಸೋಮಮ್ಮನಿಗೆ ಸಿಟ್ಟು ಬಂತು. "ನೀವು ಕರ್ದಿದ್ದು ಏನಂತ?"

"ಬಾ, ಮನೆಗೆ ಓಗವಾ ಅಂತ."

"ಯಾರ ಮನೆ ಅಂತ ಏಳಿದ್ರಾ?"

"ಇಲ್ಲ."

"ಮತ್ತೆ? ಕರ್ದೋರು ನೀವು. ಕರ್ದೋರ ಮನೆಗಲ್ವಾ ನೆಂಟ್ರು ಬರಾದು? ಒಂದ್ ತಿಂಗ್ಳಿಂದ ಆ ಮನುಷ್ಯನ್ನ ಬಿಸ್ಲಲ್ಲಿ ತೆಪ್ಪದಲ್ಲೇ ಕೂರ್ಸಿದ್ದೀರಿ, ಒಳೀಕೆ ಬಾ ಅಂತ ಒಂದ್ ಮಾತು ಅಂದಿಲ್ಲ. ಮರ್ಯಾದೆ ಬ್ಯಾಡ್ವಾ?"

ಮೂವತ್ತು ವರ್ಷ ಹೆಣ ಹುಡುಕಿದವನಿಗೆ ಹೊಳೆಯದ್ದು ಸೌದೆ ಒಟ್ಟುವವಳಿಗೆ ಹೊಳೆಯಿತು. ಅವಳು ಒಲೆ ಹಚ್ಚಿದಳು. ರಾಗಿಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ. ಮಡಕೆಯಲ್ಲಿ ಹಿಂದಿನ ದಿನದ ಮೀನು ಸಾರು ಇತ್ತು, ಅದನ್ನು ಹಿತ್ತಲಿಗೆ ಚೆಲ್ಲಿದಳು.

"ಅದ್ಯಾಕೆ ಚೆಲ್ದೆ?" ಎಂದ ರಂಗನಾಯಕ.

"ಮೀನು ಬ್ಯಾಡ. ಅವು ಆ ಮನುಷ್ಯನ್ನ ತಿಂದವೆ" ಎಂದಳು.

ಅಡುಗೆಯಾದ ಮೇಲೆ ಅವಳೇ ದಡಕ್ಕೆ ಹೋದಳು, ಹಿಂದೆ ಇವನು. ನಡು ಹಗಲಿನ ಬಿಸಿಲು. ಆಚೆ ಹುಣಸೆ ಮರದ ಕೆಳಗಿನ ಜನ ಇವರನ್ನೇ ನೋಡುತ್ತಿದ್ದರು. ಅರ್ಧ ನೀರಿನಲ್ಲಿ ನಿಂತಿದ್ದ ಖಾಲಿ ತೆಪ್ಪದ ಮುಂದೆ ಸೋಮಮ್ಮ ಸೆರಗು ಸರಿಮಾಡಿಕೊಂಡು, ತವರಿನಿಂದ ಯಾರೋ ಬಂದರೇನೋ ಎನ್ನುವ ಹಾಗೆ ಮಾತಾಡಿದಳು.

"ತಪ್ಪಾಯ್ತು ಕಣಣ್ಣ. ನಮ್ ಮನೇವ್ರಿಗೆ ತಿಳೀನಿಲ್ಲ. ಬಾ, ಇದೇ ನಿನ್ ಮನೆ. ಬೂಟ್ ಆಚೆ ಬುಟ್ಟು ಒಳೀಕೆ ಬಾ. ಕಾಲ್ಗೆ ನೀರ್ ಮಡಗಿವ್ನಿ."

ಹೇಳಿ ತಿರುಗಿ ನೋಡದೆ ನಡೆದಳು. ರಂಗನಾಯಕನೂ ತಿರುಗಲಿಲ್ಲ. ಆದರೆ ಅವನ ಹಿಂದೆ ತೆಪ್ಪ ನೀರಿನಲ್ಲಿ ಒಮ್ಮೆ ಕುಲುಕಿದ ಸದ್ದು ಕೇಳಿತು, ಯಾರಾದರೂ ಇಳಿದಾಗ ಕುಲುಕುವ ಹಾಗೆ.

ಅಂಗಳದಲ್ಲಿ ಕಾಲು ತೊಳೆಯುವ ಚಪ್ಪಡಿ ಕಲ್ಲು, ಅದರ ಪಕ್ಕ ಸೋಮಮ್ಮ ಆರು ವರ್ಷದಿಂದ ಸಾಕಿದ ಕರಿಬೇವಿನ ಗಿಡ. ಕಲ್ಲಿನ ಮೇಲೆ ತುಂಬಿದ ಚೊಂಬು ಇಟ್ಟಳು. ಒಳಗೆ ಎಲೆ ಹಾಕಿ ಬಡಿಸಿ, ಹಿರಿಯರಿಗೆ ಎಡೆ ಇಟ್ಟಾಗ ಮಾಡುವ ಹಾಗೆ ಬಾಗಿಲು ಮುಚ್ಚಿ, ಇಬ್ಬರೂ ಹಿತ್ತಲಿಗೆ ಹೋಗಿ ಕೂತರು. ಒಂದು ಕೋಳಿಯೂ ಕೂಗಲಿಲ್ಲ. ಅಷ್ಟು ಹೊತ್ತೂ ರಂಗನಾಯಕ ಕಣ್ಣು ಮುಚ್ಚಿಕೊಂಡು ಬೆವರುತ್ತಿದ್ದ. ಸೋಮಮ್ಮ ಮಾತ್ರ ನೆಂಟರ ಊಟವಾಗಲಿ ಎಂದು ಕಾಯುವವಳ ಹಾಗೆ ಸುಮ್ಮನೆ ಕಡ್ಡಿಯಿಂದ ನೆಲ ಗೀಚುತ್ತಿದ್ದಳು.

ಬಂದು ನೋಡಿದರೆ ಎಲೆಯ ಮೇಲಿನ ಅನ್ನಾಹಾರ ಹಾಗೇ ಇತ್ತು. ಆದರೆ ಅಂಗಳದ ಚೊಂಬು ಬರಿದಾಗಿತ್ತು. ಕಲ್ಲು ಒದ್ದೆಯಾಗಿ, ನೀರು ಹರಿದು ಕರಿಬೇವಿನ ಪಾತಿ ಸೇರಿತ್ತು. ಕಾಗೆ ಉರುಳಿಸಿರಬೇಕು ಎಂದ ರಂಗನಾಯಕ, ತನಗೆ ತಾನೇ ಧೈರ್ಯ ಹೇಳಿಕೊಳ್ಳಲು. ಚೊಂಬು ನೆಟ್ಟಗೆ ನಿಂತಿತ್ತು.

"ಓಗಿ. ಆ ಎಣ್ಣು ಕಾಯ್ತಾ ಅದೆ" ಎಂದಳು ಸೋಮಮ್ಮ.

ಅವನು ತೆಪ್ಪ ಹತ್ತಿದ. ಹುಟ್ಟು ಹಾಕಿದ ಕೂಡಲೇ ತೆಪ್ಪ ಅವನ ಕಡೆಗೆ ವಾಲಿತು, ಎದುರಿನ ಅಂಚು ನೀರು ಬಿಟ್ಟು ಎದ್ದಿತು. ನಿಟ್ಟುಸಿರು ಬಿಡಬೇಕಾದವನು ಹುಟ್ಟು ನಿಲ್ಲಿಸಿ ಆ ಖಾಲಿ ಅಂಚನ್ನೇ ನೋಡಿದ. ಒಂದು ತಿಂಗಳು ಎದುರಿಗೆ ಕೂತವನ ಮುಖವನ್ನೂ ತಾನು ನೋಡಲಿಲ್ಲವಲ್ಲ ಎನಿಸಿತು.

ಇಳಿ ಹೊತ್ತಿಗೆ ಹಳೇ ಊರಿನ ಗುಡಿ ಕಟ್ಟೆಯ ಸಂದಿಯಲ್ಲಿ ಮಾದೇಶ್ ಸಿಕ್ಕಿದ. ರಂಗನಾಯಕ ಅವನ ಮುಖ ನೋಡಿ ಕರೆದ, ಗುಳ್ಳೆಯಲ್ಲೇ. ಮಾದೇಶ್ ಹಗುರಾಗಿ ಬಂದ. ತೆಪ್ಪದಲ್ಲಿ ಎದುರಿಗೆ ಮಲಗಿಸಿಕೊಂಡು, ಹೊಸ ಟವೆಲು ಹೊದಿಸಿ, ಸಮವಾದ ತೆಪ್ಪದಲ್ಲಿ ದಡಕ್ಕೆ ತಂದ. ಶಿವರತ್ನಮ್ಮ ಮೊದಲ ಸಲ ಎದ್ದು ನಿಂತಳು. ನೀರಿಗೆ ಇಳಿದು ಬಂದು ಗಂಡನ ಹಣೆಯ ಕೂದಲು ಸರಿಸಿ, "ಬಂದ್ರಾ?" ಎಂದಳು. ಆಮೇಲೆ ಅವಳು ಅತ್ತ ಸದ್ದಿಗೆ ಹುಣಸೆ ಮರದ ಹಕ್ಕಿಗಳೆಲ್ಲ ಎದ್ದು ಹೋದವು.

ಎಂಟು ದಿನ ಕಳೆದಿತ್ತು. ಕರಿಬೇವಿನ ಗಿಡ ತುದಿಯಿಂದ ಹಳದಿಗೆ ತಿರುಗಿ, ಮುಟ್ಟಿದರೆ ಉದುರತೊಡಗಿತು. ದಿನಾ ನೀರು ಹಾಕುವ ಗಿಡ, ಗೊಬ್ಬರ ಹಾಕಿದ ಗಿಡ. ರಂಗನಾಯಕ ಬುಡ ನೋಡಲು ಬಗ್ಗಿದವನು ಪಕ್ಕದ ಕಲ್ಲನ್ನು ನೋಡಿದ. ಒಣಗಿದ ಕಲ್ಲಿನ ಮೇಲೆ ಬೆಳ್ಳಗೆ ತೆಳುವಾಗಿ ಏನೋ ಕಟ್ಟಿತ್ತು. ಉಗುರಿನಿಂದ ಕೆರೆದು ನಾಲಗೆಗೆ ಇಟ್ಟುಕೊಂಡ. ಹಡಗಿನಲ್ಲಿದ್ದಷ್ಟು ದಿನ ಕಟಕಟೆಯ ಮೇಲೆ, ತನ್ನ ತುಟಿಯ ಮೇಲೆ ಇದ್ದ ಅದೇ ರುಚಿ.

"ಏನದು?" ಎಂದಳು ಬಾಗಿಲಲ್ಲಿ ನಿಂತಿದ್ದ ಸೋಮಮ್ಮ.

"ಉಪ್ಪು."

ಅಷ್ಟು ದಿನ ಕಲ್ಲಿನ ಹಾಗಿದ್ದ ಸೋಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತಳು. "ಬಂದಿದ್ದ ಕಣ್ರಿ" ಎಂದಳು. "ಕಾಲ್ ತೊಳ್ಕಂಡು ಒಳೀಕೆ ಬಂದವ್ನೆ."

ಗಿಡ ಸತ್ತಿತು. ಬೇರೆ ಕಡೆ ಇನ್ನೊಂದು ನೆಟ್ಟಿದ್ದಾರೆ. ಆ ವರ್ಷದ ಮಹಾಲಯ ಅಮಾವಾಸ್ಯೆಯಲ್ಲಿ ಅತ್ತೆ ಮಾವನ ಎಲೆಗಳ ಪಕ್ಕ ಸೋಮಮ್ಮ ಇನ್ನೊಂದು ಎಲೆ ಹಾಕಿದಳು, ಅದಕ್ಕೆ ಮೀನು ಬಡಿಸಲಿಲ್ಲ. ಎಡೆ ಇಡುವಾಗ ಪ್ರತಿ ಎಲೆಯ ಮುಂದೆಯೂ ಆ ಹಿರಿಯರ ಹೆಸರು ಹೇಳಬೇಕು. ಇವನ ಹೆಸರು ಗೊತ್ತಿಲ್ಲದ್ದರಿಂದ ಅವಳು "ನಮ್ಮಣ್ಣ" ಎಂದಳು.